ಕಾರಿನಲ್ಲಿ ಯಾರ ಹಾಡು? ಗಂಡನಿಗೆ ಖಯಾಲ್, ನನಗೆ ಮೆಟಲ್

ಬಸವನಗುಡಿ ಬೆಣ್ಣೆ

ಎರಡು ತಿಂಗಳಿಗೊಮ್ಮೆ ನಾವು ಬೆಂಗಳೂರಿಂದ ಧಾರವಾಡಕ್ಕೆ ಕಾರಿನಲ್ಲಿ ಹೋಗುತ್ತೇವೆ. ಅತ್ತೆ ಮನೆ ಅಲ್ಲಿ. ಸುಮಾರು 430 ಕಿಲೋಮೀಟರ್. ತಿಂಡಿ, ಕಾಫಿ ಎಲ್ಲ ಸೇರಿ ಎಂಟು ಗಂಟೆ. ಈ ಎಂಟು ಗಂಟೆ ಯಾರ ಹಾಡು ಅನ್ನುವುದೇ ನಮ್ಮಿಬ್ಬರ ದೊಡ್ಡ ಜಗಳ.

ನಾನು ಮೆಟಲ್, ಅಂದರೆ ಅಬ್ಬರದ ಗಿಟಾರಿನ ರಾಕ್ ಸಂಗೀತ, ಕೇಳಿ ಬೆಳೆದವಳು. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬ್ಯಾಂಡ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಅಪ್ಪ ಕಳಿಸಲಿಲ್ಲ. ಅಣ್ಣ ಹೋಗಿ ಬಂದು ಒಂದು ವಾರ ಅದನ್ನೇ ಹೇಳಿ ಹೊಟ್ಟೆ ಉರಿಸಿದ. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬಂದಾಗ ನನ್ನ ಮೊದಲ ಸಂಬಳದಲ್ಲಿ ಟಿಕೆಟ್ ತೆಗೆದುಕೊಂಡೆ. ಶೂ ತುಂಬ ಕೆಸರು ಮೆತ್ತಿಕೊಂಡು ಮನೆಗೆ ಬಂದಿದ್ದೆ. ಆ ಶೂ ಇನ್ನೂ ಇದೆ.

ಗಂಡನದು ಹಿಂದುಸ್ತಾನಿ. ಅವರ ಮನೆಯಲ್ಲಿ ಬೆಳಗ್ಗೆ ಹಾಲು ಕಾಯುವುದಕ್ಕೂ ಮೊದಲು ತಂಬೂರಿ ಶುರುವಾಗುತ್ತಿತ್ತಂತೆ. ಕಾರು ಹತ್ತಿದ ತಕ್ಷಣ ವಿಲಂಬಿತ್ ಖಯಾಲ್, ಅಂದರೆ ತೀರಾ ನಿಧಾನದ ರಾಗದ ಹಾಡು, ಹಾಕುತ್ತಾನೆ. ನೆಲಮಂಗಲದಲ್ಲಿ ಶುರುವಾದ ಹಾಡು ತುಮಕೂರು ಬಂದರೂ ಮೊದಲ ಸಾಲಿನಲ್ಲೇ ಇರುತ್ತದೆ. ನನಗೆ ನಿದ್ದೆ ಬರುತ್ತದೆ. ಅಥವಾ ಸಿಟ್ಟು.

ಇಷ್ಟಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಹೋದ ದೀಪಾವಳಿಗೆ ಅತ್ತೆ ಮನೆಯಲ್ಲಿ ನಾನು ಪಾತ್ರೆ ಒರೆಸುತ್ತಾ ಫೋನಲ್ಲಿ ನನ್ನ ಹಾಡು ಹಾಕಿಕೊಂಡಿದ್ದೆ. ಇವನು ಬಂದು ಎಲ್ಲರ ಮುಂದೆ ‘ಏನಿದು, ಮಿಕ್ಸಿ ಹಚ್ಚೀ ಏನು?’ ಅಂದ. ಎಲ್ಲರೂ ನಕ್ಕರು. ನಾನೂ ಬಿಡಲಿಲ್ಲ. ‘ನಿಮ್ಮದು ಹಲ್ಲುನೋವಿನವರು ನರಳಿದ ಹಾಗಿರುತ್ತೆ’ ಅಂದೆ. ಆಗ ಯಾರೂ ನಗಲಿಲ್ಲ. ಆ ರಾತ್ರಿ ಇಬ್ಬರೂ ಗೋಡೆ ಕಡೆ ತಿರುಗಿ ಮಲಗಿದೆವು.

ಮುಂದಿನ ತಿಂಗಳು ಮತ್ತೆ ಹೋಗಬೇಕು. ಗಂಡ ಹೆಂಡತಿಯ ಕಿವಿ ಬೇರೆ ಬೇರೆ ಇದ್ದರೆ ನೀವೆಲ್ಲ ಏನು ಮಾಡುತ್ತೀರಿ?

ಸುಮ್ನೆ ಬಂದೆ

ಇಯರ್‌ಫೋನ್ ತಗೊಳ್ಳಿ ಮೇಡಂ. ಸಮಸ್ಯೆ ಮುಗೀತು.

ಬಸವನಗುಡಿ ಬೆಣ್ಣೆ

ಅರ್ಧ ದಾರಿ ನಾನೇ ಓಡಿಸೋದು ಸರ್. ಹೈವೇಯಲ್ಲಿ ಕಿವಿ ಮುಚ್ಚಿಕೊಂಡು ಓಡಿಸಿದರೆ ಹಿಂದಿನ ಲಾರಿಯವನು ಬೇರೆಯೇ ಸಂಗೀತ ಕೇಳಿಸುತ್ತಾನೆ.

ಸಾಧನಕೇರಿ ಮಳೆ

ನಾನು ಧಾರವಾಡದವನು. ನಿಮ್ಮ ಯಜಮಾನರ ಪರವಾಗಿ ನಾಲ್ಕು ಮಾತು, ಬೈಯಬೇಡಿ.

ಮೊದಲನೆಯದು, ಮಿಕ್ಸಿ ಅಂದದ್ದು ತಪ್ಪು. ಅದಕ್ಕೆ ನಾನು ವಕಾಲತ್ತು ಹಾಕುವುದಿಲ್ಲ. ಆದರೆ ನಮ್ಮ ಕಡೆ ಆ ಸಂಗೀತ ಮನೆಯ ಗಾಳಿಯ ಹಾಗೆ. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್, ಕುಂದಗೋಳದಲ್ಲಿ ಸವಾಯಿ ಗಂಧರ್ವರು, ಗದಗದ ಕಡೆಯಿಂದ ಭೀಮಸೇನ ಜೋಶಿ, ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರು. ಅರ್ಧ ದಿನದ ಬಸ್ಸಿನ ದಾರಿಯೊಳಗೆ ಇಷ್ಟು ಜನ. ಅದನ್ನು ಯಾರಾದರೂ ನರಳಾಟ ಅಂದರೆ ನಮಗೆ ಮನೆಯ ಹಿರಿಯರನ್ನು ಅಂದ ಹಾಗಾಗುತ್ತದೆ.

ಎರಡನೆಯದು ಕೆಲಸಕ್ಕೆ ಬರುವ ಮಾತು. ಅವರು ನಿಮಗೆ ಕೇಳಿಸುತ್ತಿರುವುದು ಬಹುಶಃ ಕಿರಾಣಾ ಘರಾಣೆ, ಅಂದರೆ ಆ ಪರಂಪರೆಯ ಗಾಯನ. ಅಲ್ಲಿ ಸ್ವರವನ್ನು ಒಂದೊಂದಾಗಿ, ನಿಧಾನಕ್ಕೆ ಬಿಡಿಸುತ್ತಾರೆ. ಮೆಟಲ್ ಕೇಳುವವರಿಗೆ ಮೊದಲ ದಿನವೇ ಅದನ್ನು ಕೊಟ್ಟರೆ ನಿದ್ದೆ ಬರದೆ ಏನು? ಮನ್ಸೂರರದ್ದು ಜೈಪುರ ಅತ್ರೌಳಿ ಘರಾಣೆ. ಅಲ್ಲಿ ಲಯ ಅಷ್ಟು ನಿಧಾನವಲ್ಲ. ತಾಳ ಮೊದಲಿನಿಂದಲೇ ಕಾಲಿಗೆ ಸಿಗುತ್ತದೆ. ಅವರು ಪೀಠಿಕೆ ಹಾಕುತ್ತಾ ಕೂರುವುದೂ ಇಲ್ಲ, ಸೀದಾ ರಾಗದ ನಡುಮನೆಗೆ ನುಗ್ಗುತ್ತಾರೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಧ್ವನಿಮುದ್ರಿಕೆಗಳು ಬೇಕಾದಷ್ಟಿವೆ. ಅಲ್ಲಿಂದ ಶುರು ಮಾಡಿ. ತೀನ್ ತಾಲ್ ಅಂದರೆ ಹದಿನಾರು ಮಾತ್ರೆಯ, ಅಂದರೆ ಹದಿನಾರು ಎಣಿಕೆಯ ತಾಳ. ಬೆರಳಲ್ಲಿ ಎಣಿಸಿ. ಹದಿನಾರು ಮುಗಿದು ಮತ್ತೆ ಒಂದಕ್ಕೆ ಬಂದು ಬೀಳುವ ಜಾಗ ಸಮ್. ಗಾಯಕರು ಎಲ್ಲೆಲ್ಲೋ ಸುತ್ತಾಡಿ ಅಲ್ಲಿಗೆ ಹೆಂಗೆ ಬರುತ್ತಾರೆ ನೋಡುವುದೇ ಆಟ.

ಮಸಾಲೆಪುರಿ

ಎಲ್ಲ ಸರಿ, ಅವರ ಗಂಡನಿಗೆ ಯಾರು ಪಾಠ ಮಾಡೋದು? ಹೆಂಡತಿ ಬೆರಳಲ್ಲಿ ಹದಿನಾರು ಎಣಿಸಬೇಕು, ಗಂಡ ಏನು ಎಣಿಸಬೇಕು?

ಸಾಧನಕೇರಿ ಮಳೆ

ನ್ಯಾಯವಾದ ಪ್ರಶ್ನೆ ರೀ. ನನಗೆ ಮೆಟಲ್ ಗೊತ್ತಿಲ್ಲ. ಗೊತ್ತಿದ್ದವರು ಹೇಳಲಿ.

ಗಿಟಾರ್ ಮಾಸ್ತರು

ಗೊತ್ತಿದ್ದವನು ಬಂದೆ. ಜಯನಗರದಲ್ಲಿ ಹುಡುಗರಿಗೆ ಗಿಟಾರ್ ಹೇಳಿಕೊಡುತ್ತೇನೆ.

ನಿಮ್ಮ ಯಜಮಾನರ ಮನೆಯಲ್ಲಿ ಹಾರ್ಮೋನಿಯಂ ಇರಲೇಬೇಕು. ಬಿಳಿ ಮೂರನ್ನು (ಮೂರನೇ ಬಿಳಿ ಮನೆ) ಷಡ್ಜ, ಅಂದರೆ ‘ಸ’ ಮಾಡಿಕೊಂಡು ಬರೀ ಬಿಳಿ ಮನೆಗಳನ್ನೇ ಒತ್ತುತ್ತಾ ಮೇಲಿನ ಷಡ್ಜದ ತನಕ ಹೋಗಲಿಕ್ಕೆ ಹೇಳಿ. ರಿ, ಗ, ಧ, ನಿ ನಾಲ್ಕೂ ಕೋಮಲ, ಅಂದರೆ ಕೊಂಚ ಇಳಿಸಿದ್ದು; ಮ ಶುದ್ಧ, ಇದ್ದ ಹಾಗೇ. ಅವರು ‘ಇದು ಭೈರವಿ’ ಅನ್ನುತ್ತಾರೆ. ಪಾಶ್ಚಾತ್ಯರು ಇದನ್ನೇ ಫ್ರಿಜಿಯನ್ ಅನ್ನುತ್ತಾರೆ. ಮೆಟಲ್‌ನವರಿಗೆ ಇದು ಅಚ್ಚುಮೆಚ್ಚು. ಗಿಟಾರಿನ ದಪ್ಪ ತಂತಿಯನ್ನು ಸಾಮಾನ್ಯವಾಗಿ ಕೂಡಿಸುವುದೇ ಆ ಬಿಳಿ ಮೂರಿಗೆ. ಅದನ್ನು ಖಾಲಿ ಮೀಟಿ, ಪಕ್ಕದ ಮನೆಗೆ ಒಂದು ಹೆಜ್ಜೆ ಇಟ್ಟರೆ ಕೋಮಲ ರಿಷಭ. ಅರ್ಧ ಮೆಟಲ್ ಅಲ್ಲೇ ಇದೆ. ನಿಮ್ಮವರು ಕಛೇರಿಯ ಕೊನೆಯಲ್ಲಿ ಕಣ್ಣು ಮುಚ್ಚಿ ಕೇಳುವ ಸ್ವರಗಳನ್ನೇ ನೀವು ತಲೆ ಕುಣಿಸಿ ಕೇಳುತ್ತಿದ್ದೀರಿ.

ಇನ್ನು ಲಯ. ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಬೇಸ್ ಗಿಟಾರನ್ನು ಬೆರಳಲ್ಲೇ ನುಡಿಸುತ್ತಾನೆ, ಕುದುರೆ ಓಟದ ಹಾಗೆ, ಟಗ್-ಡಗಡ, ಟಗ್-ಡಗಡ. ತಬಲಾ ಕೇಳಿ ಬೆಳೆದವರಿಗೆ ಅದು ಹಿಡಿಸದೆ ಇರುವುದು ಕಷ್ಟ. ಕಿರುಚಾಟ ಇಲ್ಲದ, ವಾದ್ಯ ಮಾತ್ರ ಇರುವ ತುಣುಕುಗಳಿಂದ ಶುರು ಮಾಡಿಸಿ. ಧ್ವನಿ ಆಮೇಲೆ.

ಎಂಟನೇ ಕ್ರಾಸ್

ಮಾಸ್ತರೇ, ಒಂದು ನಿಮಿಷ. ಮೈಸೂರಿಂದ ಬರೆಯುತ್ತಿದ್ದೇನೆ, ವೀಣೆ ಕಲಿತವಳು. ಸ್ವರ ಒಂದೇ ಆದ ಮಾತ್ರಕ್ಕೆ ಎರಡೂ ಒಂದೇ ಆಗುತ್ತದೆಯೇ? ನೀವು ಹೇಳಿದ ಅದೇ ಏಳು ಸ್ವರ ನಮ್ಮ ಕರ್ನಾಟಕ ಸಂಗೀತದಲ್ಲಿ ತೋಡಿ ರಾಗ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವುದೇ ಇಲ್ಲ, ತೂಗುತ್ತಲೇ ಇರಬೇಕು. ಗಮಕ, ಅಂದರೆ ಆ ತೂಗಾಟ, ತೆಗೆದುಬಿಟ್ಟರೆ ಅದು ತೋಡಿಯೂ ಅಲ್ಲ, ಭೈರವಿಯೂ ಅಲ್ಲ, ಬರೀ ಬಿಳಿ ಮನೆಗಳು.

ಗಿಟಾರ್ ಮಾಸ್ತರು

ಒಪ್ಪಿದೆ ಮೇಡಂ. ನಾನು ಹೇಳಿದ್ದು ಬಾಗಿಲು. ಮನೆ ಬೇರೆಯೇ.

ಎಂಟನೇ ಕ್ರಾಸ್

ಈ ತೋಡಿಯ ವಿಷಯ ಎತ್ತಿದ್ದಕ್ಕೆ ನಮ್ಮ ಮನೆಯ ಕಥೆ ಹೇಳಲೇಬೇಕು. ನಾನು ಕರ್ನಾಟಕ ಸಂಗೀತ, ನಮ್ಮ ಯಜಮಾನರು ಹುಬ್ಬಳ್ಳಿ, ಹಿಂದುಸ್ತಾನಿ. ಹೊರಗಿನವರಿಗೆ ಇಬ್ಬರದೂ ಶಾಸ್ತ್ರೀಯ, ಭಾರೀ ಜೋಡಿ ಅಂತ. ಒಳಗಿನ ಕಥೆ ಕೇಳಿ.

ನನ್ನನ್ನು ನೋಡಲು ಬಂದ ದಿನ ಹಿಂದೋಳ ನುಡಿಸಿದೆ. ಮುಗಿದ ಮೇಲೆ ಅವರ ಮಾವ ‘ಎಷ್ಟು ಛಲೋ ಮಾಲಕಂಸ್ ಬಾರಿಸಿದ್ರಿ’ ಅಂದರು. ನಮ್ಮಪ್ಪನ ಮುಖ ಸಣ್ಣಗಾಯಿತು. ರಾಗ ತಪ್ಪು ನುಡಿಸಿದೆನೇನೋ ಅಂದುಕೊಂಡರಂತೆ. ನಮ್ಮ ಹಿಂದೋಳ ಅವರ ಮಾಲಕಂಸ್ ಅನ್ನುವುದು ಆಮೇಲೆ ಗೊತ್ತಾಯಿತು. ಅವರಲ್ಲೂ ಹಿಂದೋಲ್ ಅಂತ ಒಂದಿದೆ, ಅದು ಪೂರ್ತಿ ಬೇರೆ ರಾಗ.

ಮದುವೆಯಾದ ಹೊಸತು. ಒಂದು ಬೆಳಗ್ಗೆ ‘ತೋಡಿ ಕೇಳೋಣ ಬಾ’ ಅಂದರು. ನಾನು ನನ್ನ ತೋಡಿ ಬರುತ್ತದೆ ಅಂತ ಕಾದು ಕುಳಿತೆ. ಬಂದದ್ದು ನಮ್ಮ ಶುಭಪಂತುವರಾಳಿ! ಮಧ್ಯಮ ಏರಿದೆ, ನಿಷಾದ ಏರಿದೆ. ‘ಇದು ತೋಡಿ ಅಲ್ಲ’ ಅಂದೆ. ‘ಇದs ತೋಡಿ’ ಅಂದರು. ಮಧ್ಯಾಹ್ನದ ಊಟದವರೆಗೂ ನಡೆಯಿತು. ಸಂಜೆ ಶ್ರೀರಾಗದ ಸರದಿ. ಅದೂ ಹೆಸರು ಒಂದೇ, ರಾಗ ಬೇರೆ. ಭೈರವಿಯೂ ಅಷ್ಟೆ.

ಕೊನೆಗೆ ಫ್ರಿಜ್ ಮೇಲೆ ಒಂದು ಪಟ್ಟಿ ಅಂಟಿಸಿದೆವು. ಅವರ ಭೂಪ್ ನಮ್ಮ ಮೋಹನ. ಅವರ ದುರ್ಗಾ ನಮ್ಮ ಶುದ್ಧ ಸಾವೇರಿ. ಅವರ ಯಮನ್ ಹೆಚ್ಚುಕಡಿಮೆ ನಮ್ಮ ಕಲ್ಯಾಣಿ, ಈ ‘ಹೆಚ್ಚುಕಡಿಮೆ’ ಅನ್ನುವ ಪದಕ್ಕೇ ಎರಡು ದಿನ ಜಗಳ ಆಡಿದ್ದೇವೆ. ಪಟ್ಟಿ ಇನ್ನೂ ಇದೆ, ಸಾಂಬಾರಿನ ಕಲೆ ಸಮೇತ.

ಬೆಣ್ಣೆಯವರೇ, ನಿಮ್ಮ ಜಗಳ ಸುಲಭ. ಒಬ್ಬರಿಗೆ ಇನ್ನೊಬ್ಬರದು ಗೊತ್ತೇ ಇಲ್ಲ. ನಮಗೆ ಇಬ್ಬರಿಗೂ ಗೊತ್ತು, ಅದೇ ತಾಪತ್ರಯ.

ಸುಮ್ನೆ ಬಂದೆ

ಫ್ರಿಜ್ ಪಟ್ಟಿಯ ಫೋಟೋ ಹಾಕಿ ಮೇಡಂ.

ಎಂಟನೇ ಕ್ರಾಸ್

ಅದರ ಪಕ್ಕದಲ್ಲೇ ಹಾಲಿನ ಲೆಕ್ಕ ಇದೆ, ಬೇಡ.

ಕೋಡಿ ಕಡಲು

ನೀವೆಲ್ಲ ಪುಣ್ಯವಂತರು ಮಾರಾಯ್ರೆ. ನನ್ನದು ಯಕ್ಷಗಾನ. ಕುಂದಾಪುರದ ಹತ್ತಿರದವ. ಹೆಂಡತಿ ಕಲಬುರಗಿ. ಭಾಗವತರಾದ, ಅಂದರೆ ಆಟದಲ್ಲಿ ಹಾಡುವವರಾದ, ಕಾಳಿಂಗ ನಾವಡರ ಪದ್ಯ ಅಂದರೆ ನನಗೆ ಜೀವ. 1990ರಲ್ಲಿ ಅವರು ತೀರಿಕೊಂಡಾಗ ನಾನಿನ್ನೂ ಚಡ್ಡಿ ಹುಡುಗ, ಕೇಳಿದ್ದೆಲ್ಲ ಕ್ಯಾಸೆಟ್ಟಿನಲ್ಲೇ. ಮದುವೆಯಾಗಿ ಒಂದು ವಾರಕ್ಕೆ ಅದನ್ನು ಹಾಕಿದೆ. ಚಂಡೆ ಏರಿತು. ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ‘ಯಾರು ಯಾರಿಗೆ ಬೈತಾ ಇದ್ದಾರೆ?’ ಅಂತ ಕೇಳಿದಳು.

ಸರಿ, ಕ್ಯಾಸೆಟ್ಟಿನಲ್ಲಿ ಗೊತ್ತಾಗುವುದಿಲ್ಲ, ಆಟಕ್ಕೇ ಕರಕೊಂಡು ಹೋಗೋಣ ಅಂತ ಗದ್ದೆಯಲ್ಲಿ ನಡೆಯುತ್ತಿದ್ದ ಬಯಲಾಟಕ್ಕೆ ಕರೆದುಕೊಂಡು ಹೋದೆ. ಈಗಿನ ಹಾಗೆ ಕಾಲಮಿತಿ ಅಲ್ಲ, ಬೆಳಗಿನ ತನಕ. ಹನ್ನೊಂದಕ್ಕೆ ಚಾಪೆ ಮೇಲೆ ಮಲಗಿದವಳು ಚಂಡೆಯ ಪಕ್ಕದಲ್ಲೇ ಐದೂವರೆವರೆಗೆ ಸೊಂಪಾಗಿ ನಿದ್ದೆ ಹೊಡೆದಳು. ನನಗೆ ಅವಳ ನಿದ್ದೆಯ ಮೇಲೆ ಗೌರವ ಬಂತು.

ಆದರೆ ತಾಳಮದ್ದಲೆ ಬೇರೆ ಕಥೆ. ವೇಷ ಇಲ್ಲ, ಕುಣಿತ ಇಲ್ಲ. ಕೃಷ್ಣನೂ ಕರ್ಣನೂ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಅದು ಅವಳಿಗೆ ಹುಚ್ಚು ಹಿಡಿಯಿತು! ಭಾಗವತರು ಪದ್ಯ ಹೇಳುವಾಗ ಫೋನ್ ನೋಡುತ್ತಾಳೆ, ಅರ್ಥ, ಅಂದರೆ ಆ ವಾದದ ಮಾತು, ಶುರುವಾದ ಕೂಡಲೇ ಫೋನ್ ಕೆಳಗೆ. ನನಗೆ ಪದ್ಯ ಬೇಕು, ಅವಳಿಗೆ ಜಗಳ ಬೇಕು. ಒಂದೇ ಟಿಕೆಟ್ಟಿನಲ್ಲಿ ಎರಡೂ ಸಿಗುತ್ತದೆ.

ಮಸಾಲೆಪುರಿ

ಹಹಹ. ‘ಅವಳಿಗೆ ಜಗಳ ಬೇಕು.’ ಇದನ್ನು ಹೆಂಡತಿ ಓದಿದರೆ ನಿಮಗೆ ಮನೆಯಲ್ಲೇ ತಾಳಮದ್ದಲೆ.

ಗಂಧದ ಕಡ್ಡಿ

ನಗು ಕೆಡಿಸುತ್ತೇನೆ, ಕ್ಷಮಿಸಿ. ನನ್ನದು ಮುರಿದುಬಿದ್ದ ಕಥೆ.

ನಾಲ್ಕು ವರ್ಷ ಒಬ್ಬರ ಜೊತೆಗಿದ್ದೆ. ಸಂಗೀತ ಹೊಂದುತ್ತಿತ್ತು, ಅದೇ ಮೋಸ. ಇಬ್ಬರಿಗೂ ಹಳೆಯ ಕನ್ನಡ ಸಿನಿಮಾ ಹಾಡು, ಭಾವಗೀತೆ ಇಷ್ಟ. ಆದರೆ ಅವನಿಗೆ ಪ್ರತಿ ಹಾಡೂ ಪರೀಕ್ಷೆ. ‘ಸಂಗೀತ ಯಾರದು ಹೇಳು? ಯಾವ ಇಸವಿ? ಜೊತೆಗೆ ಹಾಡಿದ್ದು ಯಾರು?’ ಗೊತ್ತಿಲ್ಲ ಅಂದರೆ ಒಂದು ಸಣ್ಣ ನಗು. ನಾನು ಗುನುಗಿದರೆ ‘ಅಲ್ಲಿ ಶ್ರುತಿ ಹೋಯ್ತು’. ನಿಧಾನಕ್ಕೆ ಗುನುಗುವುದನ್ನೇ ಬಿಟ್ಟೆ. ಬಿಟ್ಟದ್ದು ನನಗೇ ಗೊತ್ತಾಗಲಿಲ್ಲ. ಅಮ್ಮ ಒಂದು ದಿನ ‘ಯಾಕೆ ಈಚೆಗೆ ಸ್ನಾನದ ಮನೆಯಲ್ಲಿ ಹಾಡೋದಿಲ್ಲ?’ ಅಂತ ಕೇಳಿದಾಗ ಗೊತ್ತಾಯಿತು.

ಈಗ ಮದುವೆಯಾಗಿರುವವರಿಗೆ ಸಂಗೀತದ ಗಂಧವೂ ಇಲ್ಲ. ಯಾವ ಹಾಡು ಹಾಕಿದರೂ ‘ಚೆನ್ನಾಗಿದೆ’ ಅನ್ನುತ್ತಾರೆ. ಅದರಲ್ಲಿ ಅರ್ಧ ಸುಳ್ಳು. ಆದರೆ ನಾನು ಗುನುಗುತ್ತೇನೆ.

ಬೆಣ್ಣೆಯವರೇ, ನಿಮ್ಮ ಗಂಡನದು ಅಭಿರುಚಿಯ ಸಮಸ್ಯೆಯೋ, ನಾಲ್ಕು ಜನರ ಮುಂದೆ ನಿಮ್ಮನ್ನು ಸಣ್ಣ ಮಾಡುವ ಅಭ್ಯಾಸವೋ? ಮೊದಲನೆಯದಕ್ಕೆ ಇಲ್ಲಿ ಬೇಕಾದಷ್ಟು ಔಷಧ ಸಿಗುತ್ತದೆ. ಎರಡನೆಯದಾದರೆ ಕಾರು, ಕಿಲೋಮೀಟರ್ ಎಲ್ಲ ಬಿಟ್ಟು ಮೊದಲು ಅದನ್ನು ಮಾತಾಡಿ.

ಬಸವನಗುಡಿ ಬೆಣ್ಣೆ

ಇದಕ್ಕೆ ಉತ್ತರ ಕೊಡುವ ಮುಂಚೆ ಎರಡು ದಿನ ಯೋಚಿಸಿದೆ. ಅಭ್ಯಾಸ ಅಲ್ಲ. ಬೇರೆ ಯಾವುದರಲ್ಲೂ ಅವನು ಹಾಗಲ್ಲ. ನಾನು ಮಾಡಿದ ಹಾಳು ಜೋಳದ ರೊಟ್ಟಿಯನ್ನು ಅತ್ತೆಯ ಮುಂದೆ ಎರಡು ಸಲ ಹಾಕಿಸಿಕೊಂಡು ತಿಂದಿದ್ದಾನೆ. ಈ ಒಂದು ವಿಷಯದಲ್ಲಿ ಮಾತ್ರ ಏನೋ ಆಗುತ್ತದೆ. ನಿನ್ನೆ ರಾತ್ರಿ ಕೇಳಿಯೇ ಬಿಟ್ಟೆ. ‘ನೀ ಆ ಹಾಡು ಹಚ್ಚಿದಾಗ ಬಾಗಿಲಾ ಹಾಕ್ಕೊಂಡಂಗ ಆಗ್ತದ, ಒಳಗ ನನಗ ಜಾಗಾನ ಇಲ್ಲ’ ಅಂದ. ನನಗೂ ಅವನ ಖಯಾಲ್ ಕೇಳುವಾಗ ಹಾಗೇ ಅನ್ನಿಸುತ್ತದೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಮಿಕ್ಸಿ ಮಾತಿಗೆ ಸಾರಿ ಅಂದ. ನಾನೂ ಹಲ್ಲುನೋವನ್ನು ವಾಪಸ್ ತೆಗೆದುಕೊಂಡೆ.

ಪೋಸ್ಟ್ ಮಾಸ್ಟರ್ (ನಿವೃತ್ತ)

ಮಕ್ಕಳೇ, ನಿಮಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಫೋನು. ನಮ್ಮ ಕಾಲದ ಜಗಳ ಕೇಳಿ.

1979ರಲ್ಲಿ ಮದುವೆ. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೆಲಸ. ಮನೆಯಲ್ಲಿ ಒಂದೇ ಟ್ರಾನ್ಸಿಸ್ಟರ್. ನನಗೆ ಶನಿವಾರ ರಾತ್ರಿ ಒಂಬತ್ತೂವರೆಗೆ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಬೇಕು. ನನ್ನವಳಿಗೆ ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ, ಅಮೀನ್ ಸಯಾನಿಯವರ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ. ದಿನ ಬೇರೆ, ಹೊತ್ತು ಬೇರೆ. ಜಗಳಕ್ಕೆ ಎಲ್ಲಿ ಜಾಗ ಅಂತೀರಾ? ಸೆಲ್ಲು!

ಸೆಲ್ಲಿಗೆ ಆಗ ದುಡ್ಡು ಎಣಿಸಬೇಕು. ಬುಧವಾರ ಅವಳು ಪೂರ್ತಿ ಧ್ವನಿಯಲ್ಲಿ ಕೇಳುತ್ತಿದ್ದಳು. ಸಿಲೋನು ಅಲೆ ಬಂದಂತೆ ಹೋಗಿ ಬರುವುದು, ಧ್ವನಿ ಏರಿಸದೆ ವಿಧಿಯಿಲ್ಲ. ಶನಿವಾರ ನನ್ನ ವಿದ್ವಾಂಸರು ಆಲಾಪನೆ ಮುಗಿಸಿ ಪಲ್ಲವಿಗೆ ಬರುವ ಹೊತ್ತಿಗೆ ರೇಡಿಯೋ ಮೂಗಿನಲ್ಲಿ ಹಾಡಲು ಶುರು ಮಾಡಿ ನಿಂತೇ ಹೋಗುವುದು. ಆಮೇಲೆ ಶನಿವಾರ ಬೆಳಗ್ಗೆಯೇ ಸೆಲ್ಲು ತೆಗೆದು ಹೆಂಚಿನ ಮೇಲೆ ಬಿಸಿಲಿಗೆ ಇಡುತ್ತಿದ್ದೆ. ಹಾಗಾದರೂ ಒಂದು ತನಿ ಆವರ್ತನದವರೆಗೆ, ಅಂದರೆ ಮೃದಂಗದವರ ಸರದಿಯವರೆಗೆ, ಬರುತ್ತಿತ್ತು. ಒಮ್ಮೆ ಕಾಗೆ ಒಂದು ಸೆಲ್ಲನ್ನು ಕೆಳಗೆ ಉರುಳಿಸಿತು. ಅವಳ ಮೇಲೆ ಅನುಮಾನಪಟ್ಟು ಮೂರು ದಿನ ಮಾತು ಬಿಟ್ಟಿದ್ದೆ.

ಅವಳಿಗೆ ಹಿಂದಿ ಬರುತ್ತಿರಲಿಲ್ಲ. ಹಾಡು ಕೇಳಿ ಕೇಳಿ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ಅರ್ಥ ಗೊತ್ತಿಲ್ಲ, ಪದ ಅರ್ಧ ತಪ್ಪು. ಆ ನೋಟ್ ಪುಸ್ತಕ ಇನ್ನೂ ಬೀರುವಿನಲ್ಲಿದೆ. ಈಚೆಗೆ ಮೊಮ್ಮಗಳು ಓದಿ ಬಿದ್ದು ಬಿದ್ದು ನಕ್ಕಳು.

ಈಗ ಅವಳಿಗೆ ಮೊಬೈಲು. ಬುಧವಾರ ಶನಿವಾರ ಭೇದವಿಲ್ಲ, ಇಡೀ ದಿನ. ನನಗೆ ಕಿವಿಗೆ ಮೆಷಿನ್ ಬಂದಿದೆ. ಬೇಡವಾದಾಗ ತೆಗೆದು ಡಬ್ಬಿಯಲ್ಲಿಡುತ್ತೇನೆ. ಸೆಲ್ಲು ಉಳಿಯುತ್ತದೆ.

ಕೋಡಿ ಕಡಲು

ಸರ್, ನಿಮ್ಮ ಕಾಲಿಗೆ ಬಿದ್ದೆ.

ವಾರ್ಡ್ ನಂಬರ್ ಏಳು

ಪೋಸ್ಟ್ ಮಾಸ್ಟರ್ ಸರ್ ಕಿವಿ ಮೆಷಿನ್ ಅಂದದ್ದಕ್ಕೆ ಒಂದು ಮಾತು. ನಾನು ಕಿವಿ ಮೂಗು ಗಂಟಲು ವಿಭಾಗದಲ್ಲಿ ನರ್ಸ್. ಮನೆಯಲ್ಲಿ ಜಗಳ ಬೇಡ ಅಂತ ಇಬ್ಬರೂ ಇಯರ್‌ಫೋನ್ ಹಾಕಿಕೊಂಡು, ಹೊರಗಿನ ಗದ್ದಲ ಮುಚ್ಚಲು ಧ್ವನಿ ಏರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ, ದೊಡ್ಡವರಿಗೆ 80 ಡೆಸಿಬಲ್ ಸದ್ದಿನಲ್ಲಿ ವಾರಕ್ಕೆ ಹೆಚ್ಚೆಂದರೆ 40 ಗಂಟೆ. ಅದೇ 90 ಆದರೆ ವಾರಕ್ಕೆ ಬರೀ 4 ಗಂಟೆ. ಹತ್ತು ಏರಿಸಿದ್ದಕ್ಕೆ ಮೂವತ್ತಾರು ಗಂಟೆ ಹೋಯಿತು. ಮೆಟಲ್ ಆದರೂ ಅಷ್ಟೆ, ಮಾಲಕಂಸ್ ಆದರೂ ಅಷ್ಟೆ.

ಫ್ರೀಮಾಂಟ್ ಅಮ್ಮ

ಅಮೆರಿಕದಿಂದ. ನಮ್ಮದು ಬೇರೆ ಪಾಡು. ಇಬ್ಬರಿಗೂ ಒಂದೇ ಆ್ಯಪ್ ಖಾತೆ, ದುಡ್ಡು ಉಳಿಸಲು. ನಾನು ದೇವರನಾಮ ಕೇಳುತ್ತೇನೆ, ಅವರು ಹಿಪ್‌ಹಾಪ್. ಆ ಆ್ಯಪ್‌ಗೆ ತಲೆ ಕೆಟ್ಟುಹೋಗಿದೆ. ಪುರಂದರದಾಸರ ಹಿಂದೆಯೇ ಯಾವನೋ ಬೈಗುಳದಲ್ಲಿ ಶುರು ಮಾಡುತ್ತಾನೆ. ಒಂದು ಶುಕ್ರವಾರ ಸಂಜೆ ದೀಪ ಹಚ್ಚಿದಾಗ ಹೀಗೇ ಆಯಿತು, ಮನೆಗೆ ಬಂದಿದ್ದ ಸ್ನೇಹಿತೆಯ ಅತ್ತೆಯವರು ‘ಇದು ಯಾವ ಭಾಷೆಯ ದೇವರನಾಮಮ್ಮ?’ ಅಂತ ಕೇಳಿದರು. ಡಿಸೆಂಬರಿನಲ್ಲಿ ಆ ಆ್ಯಪ್‌ನಿಂದ ವರ್ಷದಲ್ಲಿ ಹೆಚ್ಚು ಕೇಳಿದ ಹಾಡುಗಳ ಪಟ್ಟಿ ಬಂತು. ಮೊದಲ ಸ್ಥಾನ ನನಗೂ ಇಲ್ಲ, ಅವರಿಗೂ ಇಲ್ಲ. ಮಗಳ ಬಸ್ಸಿನ ಚಕ್ರದ ಹಾಡಿಗೆ.

ಚಿಕ್ಕಪೇಟೆ ಸಿಂಗಲ್

ಮದುವೆಯಾಗದವನ ಪ್ರಶ್ನೆ. ಹೋದ ವಾರ ಹುಡುಗಿ ನೋಡಲು ಹೋಗಿದ್ದೆ. ‘ಯಾವ ತರದ ಹಾಡು ಇಷ್ಟ?’ ಅಂತ ಕೇಳಿದರು. ‘ಎಲ್ಲಾ ತರದ್ದೂ’ ಅಂದೆ. ಮುಖ ಬಾಡಿತು. ತಪ್ಪಾಯ್ತಾ?

ಎಂಟನೇ ಕ್ರಾಸ್

ಎಲ್ಲಾ ತರದ್ದೂ ಅಂದರೆ ಯಾವುದೂ ಇಲ್ಲ ಅಂತ ಕೇಳಿಸುತ್ತದಪ್ಪಾ. ಒಂದು ಹೆಸರು ಹೇಳಬೇಕಿತ್ತು. ಅವರಿಗೆ ಹಿಡಿಸದಿದ್ದರೂ ಮಾತು ಬೆಳೆಯುತ್ತಿತ್ತು.

ಸಾಧನಕೇರಿ ಮಳೆ

ಬೆಣ್ಣೆಯವರೇ, ನಿಮ್ಮ ಮೂಲ ಪ್ರಶ್ನೆಗೆ ಬರೋಣ. ನನ್ನ ಸಲಹೆ, ಗಂಟೆ ಲೆಕ್ಕ ಬೇಡ, ನದಿ ಲೆಕ್ಕ ಇಟ್ಟುಕೊಳ್ಳಿ. ಹೆದ್ದಾರಿ ಹರಿಹರದ ಹತ್ತಿರ ತುಂಗಭದ್ರೆ ದಾಟುತ್ತದೆ. ಮೇಲೆ ಹಿಂದುಸ್ತಾನಿ, ಕೆಳಗೆ ಕರ್ನಾಟಕ ಸಂಗೀತ ಅಂತ ಹಿಂದಿನಿಂದಲೂ ಜನ ಆ ಹೊಳೆಯನ್ನೇ ಗಡಿ ಮಾಡಿಕೊಂಡಿದ್ದಾರೆ. ಹೊಳೆ ತನಕ ನಿಮ್ಮ ಹಾಡು, ದಾಟಿದ ಮೇಲೆ ಅವರದು. ಒಬ್ಬರ ಪಾಲಿನಲ್ಲಿ ಇನ್ನೊಬ್ಬರು ಟೀಕೆ ಮಾಡುವಂತಿಲ್ಲ.

ಮಸಾಲೆಪುರಿ

ಗುರು, ಲೆಕ್ಕ ನೋಡಿದ್ರಾ? ಬೆಂಗಳೂರಿಂದ ಹರಿಹರಕ್ಕೆ ಸುಮಾರು 275 ಕಿಲೋಮೀಟರ್. ಅಲ್ಲಿಂದ ಧಾರವಾಡಕ್ಕೆ 155. ವಾಪಸ್ ಬರುವಾಗಲೂ ಅಷ್ಟೇ. ಗಂಡನಿಗೆ ಮೋಸ.

ಬಸವನಗುಡಿ ಬೆಣ್ಣೆ

ನನಗೆ ಈ ಸಲಹೆ ಬಹಳ ಇಷ್ಟವಾಯಿತು. ಲೆಕ್ಕದ ಮಾತು ಅವನಿಗೆ ಹೇಳಬೇಡಿ.

ಬಸವನಗುಡಿ ಬೆಣ್ಣೆ (ಐದು ವಾರದ ನಂತರ)

ಹೋಗಿ ಬಂದೆವು. ಇದೋ ವರದಿ.

ಲೆಕ್ಕ ಅವನಿಗೆ ಶಿರಾ ಹತ್ತಿರವೇ ಹೊಳೆಯಿತು. ‘ನಿನ್ನ ಪಾಲು ಜಾಸ್ತಿ ಅದ’ ಅಂದ. ‘ಹೊಳೆಯನ್ನು ಈ ಕಡೆ ತರೋಕಾಗುತ್ತಾ?’ ಅಂದೆ. ಸುಮ್ಮನಾದ. ಗಿಟಾರ್ ಮಾಸ್ತರು ಹೇಳಿದಂತೆ ವಾದ್ಯ ಮಾತ್ರ ಇರುವುದನ್ನು ಮೊದಲು ಹಾಕಿದೆ. ಚಿತ್ರದುರ್ಗದ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ. ನಾನು ನೋಡಿದ್ದು ಗೊತ್ತಾಗಿ ನಿಲ್ಲಿಸಿದ. ಧ್ವನಿ ಇರುವ ಹಾಡು ಬಂದಾಗ ಮುಖ ಹಿಂಡಿದ, ಆದರೆ ಬಾಯಿ ಬಿಡಲಿಲ್ಲ. ಬೆಣ್ಣೆದೋಸೆ ತಿನ್ನುವಾಗ ಮಾತ್ರ ‘ಆ ದಪ್ಪ ತಂತಿಯವ ಚಲೋ ಬಾರಸ್ತಾನ’ ಅಂದ. ಬೇಸ್ ಗಿಟಾರ್ ಬಗ್ಗೆ.

ಸೇತುವೆ ಬಂದಾಗ ನಾನೇ ಹಾಡು ಬದಲಾಯಿಸಿದೆ. ಮನ್ಸೂರರು. ಹದಿನಾರು ಎಣಿಸಿದೆ. ಮೊದಲೆರಡು ಸಲ ತಪ್ಪಿತು. ಮೂರನೇ ಸಲ ಅವರು ಬಂದು ಬಿದ್ದ ಜಾಗದಲ್ಲೇ ನನ್ನ ಬೆರಳೂ ಬಿತ್ತು. ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ‘ಸಮ್ ಹಿಡದಿ ನೋಡು!’ ಅಂತ ಕಿರುಚಿದ. ಆಮೇಲೆ ಹಾವೇರಿ ಬರುವಷ್ಟರಲ್ಲಿ ನಿದ್ದೆ ಹೋದೆ. ಅದೂ ಸುಳ್ಳಲ್ಲ.

ಇದಲ್ಲ ಮುಖ್ಯ ಸುದ್ದಿ. ವಾಪಸ್ ಬರುವಾಗ ಅತ್ತೆ ನಮ್ಮ ಜೊತೆ ಬಂದರು. ನಾನು ಓಡಿಸುತ್ತಿದ್ದೆ. ಇವನು ಪಕ್ಕದಲ್ಲಿ, ಅವರು ಹಿಂದೆ. ಹುಬ್ಬಳ್ಳಿ ದಾಟಿತು, ಇವನ ಖಯಾಲ್ ನಡೆಯುತ್ತಿತ್ತು. ಶಿಗ್ಗಾವಿ ಹತ್ತಿರ ಹಿಂದಿನಿಂದ ಮೆಲ್ಲಗೆ ಧ್ವನಿ ಬಂತು.

‘ನಲವತ್ತು ವರ್ಷ ಇದನ್ನ ಕೇಳೇನಿ. ನನಗೊಂದೀಟು ಸಿನಿಮಾ ಹಾಡು ಹಚ್ಚವಾ.’

ಇವನು ಹಿಂದೆ ತಿರುಗಿದ. ‘ಅವ್ವಾ, ನಿನಗ ಇದು ಸೇರ್ತದಲ್ಲಾ?’ ಅಂದ.

‘ನಿಮ್ಮಪ್ಪಗ ಸೇರ್ತಿತ್ತು’ ಅಂದರು.

ಆಮೇಲೆ ಎಂಬತ್ತರ ದಶಕದ ಎಸ್.ಪಿ.ಬಿ., ಜಾನಕಿ ಹಾಡುಗಳು. ಅತ್ತೆಗೆ ಬರೀ ಪಲ್ಲವಿ ಅಲ್ಲ, ಎರಡನೇ ಚರಣವೂ ಬಾಯಿಪಾಠ. ಹಾಡಿದರು, ಸಣ್ಣ ಧ್ವನಿಯಲ್ಲಿ, ಕಿಟಕಿ ಕಡೆ ನೋಡುತ್ತಾ. ಪಕ್ಕದ ಮನೆಯ ರೇಡಿಯೋ ಕೇಳಿ ಕಲಿತದ್ದಂತೆ. ಮಾವನಿಗೆ ಮನೆಯಲ್ಲಿ ಸಿನಿಮಾ ಹಾಡು ಆಗುತ್ತಿರಲಿಲ್ಲ. ಅತ್ತೆ ಸ್ಪೀಕರಿಗೆ ಕವರು ಹೊಲಿದುಕೊಟ್ಟಿದ್ದಾರೆ, ಧೂಳು ಒರೆಸಿದ್ದಾರೆ, ಕ್ಯಾಸೆಟ್ಟು ಜೋಡಿಸಿದ್ದಾರೆ. ತಮಗೆ ಬೇಕಾದ್ದನ್ನು ಒಂದು ದಿನವೂ ಹಾಕಿರಲಿಲ್ಲ. ಇವನು ರಾಣೆಬೆನ್ನೂರಿನವರೆಗೆ ಒಂದು ಮಾತೂ ಆಡಲಿಲ್ಲ. ಅಮ್ಮ ಹಾಡಿದ್ದನ್ನು ಅವನು ಹಿಂದೆಂದೂ ಕೇಳಿಲ್ಲವಂತೆ.

ಹೊಳೆ ದಾಟಿದ ಮೇಲೆ ನನ್ನ ಪಾಲು. ಹಾಕಲೋ ಬೇಡವೋ ಅಂತ ಕೇಳಿದೆ. ‘ಹಚ್ಚು, ನೋಡೂಣು’ ಅಂದರು. ಐದು ನಿಮಿಷ ಗಂಭೀರವಾಗಿ ಕೇಳಿದರು. ‘ಇದು ಬ್ಯಾಡವಾ, ತಲಿ ನೋಯ್ತದ. ಆದ್ರ ಆ ಡ್ರಮ್ ಬಾರಸಾವ, ಪಾಪ, ಅವನ ಕೈ ನೋಯಂಗಿಲ್ಲೇನು?’

ಗಂಧದ ಕಡ್ಡಿ

ಅತ್ತೆಗೆ ನನ್ನ ನಮಸ್ಕಾರ ಹೇಳಿ.

ಪೋಸ್ಟ್ ಮಾಸ್ಟರ್ (ನಿವೃತ್ತ)

ಓದಿ ಮುಗಿಸಿ ನನ್ನವಳ ನೋಟ್ ಪುಸ್ತಕ ಬೀರುವಿನಿಂದ ತೆಗೆದೆ. ಯಾಕೆ ಅಂತ ಕೇಳಿದಳು. ಸುಮ್ನೆ ಅಂದೆ.

ಮಸಾಲೆಪುರಿ

ಈಗ 430 ಕಿಲೋಮೀಟರ್ ಮೂರು ಪಾಲು. ಹೊಸ ಗಡಿ ಎಲ್ಲಿ ಹಾಕೋಣ? ಹಾವೇರಿಗೆ ಒಂದು, ಹಿರಿಯೂರಿಗೆ ಒಂದು?

ಬಸವನಗುಡಿ ಬೆಣ್ಣೆ

ಗಡಿ ಆಮೇಲೆ ನೋಡೋಣ. ಅತ್ತೆ ಇನ್ನೂ ಇಲ್ಲೇ ಇದ್ದಾರೆ. ಅಡುಗೆಮನೆಯ ಸ್ಪೀಕರ್ ಬೆಳಗ್ಗೆ ಆರಕ್ಕೇ ಅವರ ಕೈಗೆ ಹೋಗುತ್ತದೆ. ನಿನ್ನೆಯಿಂದ ಇವನು ಇಯರ್‌ಫೋನ್ ಹುಡುಕುತ್ತಿದ್ದಾನೆ. ಅದು ನನ್ನ ಹತ್ತಿರ ಇದೆ, ಕೊಟ್ಟಿಲ್ಲ.